ನನ್ನ ತಲೆ, ನನ್ನಿಷ್ಟ: ಹೌದೇ?



ಭಾನುವಾರದ ಬಲಿಪೂಜೆ ಮುಗಿದ ಮೇಲೆ ದೇವಾಲಯದ ಗೇಟಿನ ಬಳಿ ಐದು ನಿಮಿಷ ನಿಂತು ನೋಡಿ. ಮನೆಯ ಯಜಮಾನ ಬೈಕ್ ಚಾಲೂ ಮಾಡುತ್ತಾನೆ, ಕನ್ನಡಿಗೆ ಸಿಕ್ಕಿಸಿದ್ದ ಹೆಲ್ಮೆಟ್ಟನ್ನು ತಲೆಗೇರಿಸುತ್ತಾನೆ. ಟ್ಯಾಂಕಿನ ಮೇಲೆ ಪುಟ್ಟ ಮಗಳು. ಹಿಂದೆ ಕಾಲುಗಳನ್ನು ಒಂದೇ ಕಡೆಗೆ ಇಳಿಬಿಟ್ಟು, ಸೆರಗು ಸರಿಪಡಿಸಿಕೊಂಡು ಕುಳಿತ ಹೆಂಡತಿ. ಇಬ್ಬರ ತಲೆಯೂ ಬರಿದು. ಕೇಳಿದರೆ, "ಪೊಲೀಸರು ನೋಡುವುದು ಓಡಿಸುವವನನ್ನು ತಾನೇ, ಫಾದರ್?" ಎನ್ನುತ್ತಾರೆ.

ಈ ಉತ್ತರದಲ್ಲೇ ನಮ್ಮ ರೋಗವಿದೆ. ಹೆಲ್ಮೆಟ್ ಇರುವುದು ದಂಡದಿಂದ ತಪ್ಪಿಸಿಕೊಳ್ಳಲು ಎಂದು ನಾವು ತಿಳಿದಿದ್ದೇವೆ.

ಕಾನೂನೇನೋ ಸ್ಪಷ್ಟವಾಗಿದೆ. 1988ರ ಮೋಟಾರು ವಾಹನ ಕಾಯ್ದೆಯ 129ನೆಯ ವಿಧಿಯೇ ಹೆಲ್ಮೆಟ್ ಧರಿಸಬೇಕೆಂದು ಹೇಳುತ್ತದೆ. ಪೇಟ ಧರಿಸುವ ಸಿಖ್ಖರಿಗೆ ವಿನಾಯಿತಿ ಇದೆ. ನಮ್ಮ ಕರ್ನಾಟಕದಲ್ಲಿ 2016ರ ಜನವರಿಯಿಂದ ಹಿಂಬದಿ ಸವಾರರಿಗೂ ಅದು ಕಡ್ಡಾಯವಾಯಿತು. 2019ರ ತಿದ್ದುಪಡಿಯು ನಾಲ್ಕು ವರ್ಷ ದಾಟಿದ ಮಕ್ಕಳನ್ನೂ ಸೇರಿಸಿತು. ಆದರೆ ಪೊಲೀಸರಿಲ್ಲದ ಹಳ್ಳಿಯ ರಸ್ತೆಯಲ್ಲಿ, ಮುಂಜಾನೆಯ ಹೊತ್ತಿನಲ್ಲಿ, ಮನೆಯ ಹೊಸ್ತಿಲಲ್ಲಿ ನಿಂತಾಗ ಧರಿಸಬೇಕೋ ಬೇಡವೋ ಎಂಬ ಆಯ್ಕೆ ನಿಮ್ಮದೇ. ನಾನು ಮಾತನಾಡಬೇಕೆಂದಿರುವುದು ಆ ಆಯ್ಕೆಯ ಬಗ್ಗೆ.

"ನನ್ನ ತಲೆ, ನನ್ನಿಷ್ಟ" ಎನ್ನುವ ಯುವಕರಿದ್ದಾರೆ. ಸಂತ ಪೌಲರು ಕೊರಿಂಥದ ಕ್ರೈಸ್ತರಿಗೆ ತಿಳಿಸಿದ್ದು ಇದಕ್ಕೆ ತದ್ವಿರುದ್ಧ: ನಮ್ಮ ದೇಹ ಪವಿತ್ರಾತ್ಮರ ಆಲಯ, ನಾವು ನಮ್ಮ ಸ್ವಂತ ಸೊತ್ತಲ್ಲ. ಸ್ವಂತದ್ದೇ ಎಂದುಕೊಂಡರೂ, ಆ ತಲೆಗೆ ಪೆಟ್ಟಾದರೆ ಆಸ್ಪತ್ರೆಯ ಬಾಗಿಲಲ್ಲಿ ರಾತ್ರಿಯಿಡೀ ಕುಳಿತುಕೊಳ್ಳುವವರು ಯಾರು? ಸತ್ತವನಿಗಾಗಿ ಅಳುವುದು ಒಂದು ದುಃಖ. ಉಸಿರಿದ್ದೂ ಮಗನ ಗುರುತೇ ಸಿಗದವನನ್ನು ವರ್ಷಗಟ್ಟಲೆ ಮಗುವಿನಂತೆ ಸಾಕುವ ಹೆಂಡತಿಯ ದುಃಖ ಇನ್ನೊಂದು. ಅದಕ್ಕೆ ಒಂಬತ್ತು ದಿನದ ನವೇನದಲ್ಲಿ ಮುಕ್ತಾಯವಿಲ್ಲ.

ಇನ್ನು ಕೆಲವರು ಭಕ್ತರು. ಬೈಕಿನ ಹ್ಯಾಂಡಲ್ಲಿಗೆ ಜಪಸರ ಸುತ್ತಿರುತ್ತಾರೆ, ಮುಂದೆ ಸಂತ ಕ್ರಿಸ್ಟೋಫರರ ಚಿತ್ರ ಅಂಟಿಸಿರುತ್ತಾರೆ. "ದೇವರಿದ್ದಾರೆ, ಏನೂ ಆಗುವುದಿಲ್ಲ" ಎನ್ನುತ್ತಾರೆ. ಅವರ ಭಕ್ತಿಯನ್ನು ನಾನು ಹೀಯಾಳಿಸುವುದಿಲ್ಲ. ಆದರೆ ಈ ಮಾತನ್ನು ಶುಭಸಂದೇಶದಲ್ಲಿ ಮೊದಲು ಆಡಿದವನು ಯಾರೆಂದು ನೆನಪಿಸಿಕೊಳ್ಳಿ. ಯೇಸುಸ್ವಾಮಿಯನ್ನು ಮಹಾದೇವಾಲಯದ ಶಿಖರದ ಮೇಲೆ ನಿಲ್ಲಿಸಿ, ಧುಮುಕು, ದೇವದೂತರು ಕೈಚಾಚಿ ಹಿಡಿಯುತ್ತಾರೆ ಎಂದವನು ಸೈತಾನ. ಅದನ್ನು ಹೇಳಲು ಅವನು ಪವಿತ್ರ ಗ್ರಂಥದ ಕೀರ್ತನೆಯನ್ನೇ ಬಳಸಿಕೊಂಡ. ಸ್ವಾಮಿ ಧುಮುಕಲಿಲ್ಲ. ತಂದೆಯಲ್ಲಿ ಅವರಿಗೆ ನಂಬಿಕೆ ಕಡಿಮೆಯಿತ್ತೇ? ದೇವರನ್ನು ಪರೀಕ್ಷೆಗೊಡ್ಡುವುದು ನಂಬಿಕೆಯಲ್ಲ ಎಂದು ಅವರಿಗೆ ತಿಳಿದಿತ್ತು. ದೇವರು ನಮ್ಮನ್ನು ಕಾಯುವ ದಾರಿಗಳಲ್ಲಿ ಅವರೇ ಕೊಟ್ಟ ಬುದ್ಧಿಯೂ ಒಂದು. ಸಂತ ಕ್ರಿಸ್ಟೋಫರರ ಚಿತ್ರವನ್ನೇ ಗಮನಿಸಿ: ಹೆಗಲ ಮೇಲೆ ಬಾಲಯೇಸು ಇದ್ದರೂ ಅವರ ಕೈಯಲ್ಲಿ ಊರುಗೋಲಿದೆ. ಹೊಳೆಯನ್ನು ಅವರು ಕೋಲೂರಿಕೊಂಡೇ ದಾಟುತ್ತಾರೆ.

"ಆಯಸ್ಸು ಮುಗಿದರೆ ಹೆಲ್ಮೆಟ್ ಏನು ಮಾಡೀತು?" ಎನ್ನುವವರಿಗೆ ಒಂದೇ ಮಾತು. ಹಣೆಬರಹ ಎನ್ನುವುದು ನಮ್ಮ ವಿಶ್ವಾಸ ಸಂಗ್ರಹದಲ್ಲಿಲ್ಲ.

ಹೆಲ್ಮೆಟ್ ಏನು ಮಾಡುತ್ತದೆಂದು ತಿಳಿಯುವುದೂ ಅಗತ್ಯ. ತಲೆ ನೆಲಕ್ಕೆ ಬಡಿದಾಗ ಬುರುಡೆ ಥಟ್ಟನೆ ನಿಲ್ಲುತ್ತದೆ, ಒಳಗಿನ ಮೆದುಳು ನಿಲ್ಲದೆ ಬುರುಡೆಗೆ ಅಪ್ಪಳಿಸುತ್ತದೆ. ಹೆಲ್ಮೆಟ್ಟಿನೊಳಗಿನ ಥರ್ಮಕೋಲಿನಂಥ ಪದರ ತಾನು ನಜ್ಜುಗುಜ್ಜಾಗಿ ಆ ಹೊಡೆತವನ್ನು ಹೀರಿಕೊಳ್ಳುತ್ತದೆ. ಹಲವು ದೇಶಗಳ ಅಧ್ಯಯನಗಳನ್ನು ಒಟ್ಟುಗೂಡಿಸಿದ 2008ರ ಕಾಕ್ರೇನ್ ಪರಿಶೀಲನೆಯ ಪ್ರಕಾರ, ಅಪಘಾತಕ್ಕೀಡಾದ ಸವಾರರಲ್ಲಿ ಹೆಲ್ಮೆಟ್ ಸಾವಿನ ಅಪಾಯವನ್ನು ಸುಮಾರು ಶೇಕಡಾ 42ರಷ್ಟು, ತಲೆಯ ಗಾಯದ ಅಪಾಯವನ್ನು ಸುಮಾರು ಶೇಕಡಾ 69ರಷ್ಟು ತಗ್ಗಿಸುತ್ತದೆ. ಪೂರ್ತಿ ನೂರಲ್ಲ, ನಿಜ. ಹೆಲ್ಮೆಟ್ ತಾಯಿತವಲ್ಲ. ಕುಡಿದು ಓಡಿಸುವವನನ್ನೂ ವೇಗದ ಹುಚ್ಚಿನವನನ್ನೂ ಅದು ನಿರ್ದೋಷಿಯಾಗಿಸುವುದಿಲ್ಲ. ಧರ್ಮಸಭೆಯ ಧರ್ಮೋಪದೇಶ ಗ್ರಂಥ 2290ನೆಯ ಪರಿಚ್ಛೇದದಲ್ಲಿ ಅಂಥವರ ತಪ್ಪನ್ನು ಗಂಭೀರ ಅಪರಾಧವೆಂದೇ ಕರೆಯುತ್ತದೆ, ಅದೂ ಕೊಲೆಯನ್ನು ನಿಷೇಧಿಸುವ ಐದನೆಯ ಆಜ್ಞೆಯ ಕೆಳಗೆ. ಇದೇನೂ ಹೊಸ ಮಾತಲ್ಲ. ವಾಹನಗಳ ವೇಗಮಿತಿಯ ನಿಯಮವನ್ನು ಹಗುರವಾಗಿ ಕಾಣುವವರ ಬಗ್ಗೆ ದ್ವಿತೀಯ ವ್ಯಾಟಿಕನ್ ಮಹಾಸಭೆಯೇ 1965ರಲ್ಲಿ ಎಚ್ಚರಿಸಿತ್ತು.

ಈಗ ಹಿಂದೆ ಕುಳಿತವರ ವಿಷಯ. ಕೇಂದ್ರ ಸರ್ಕಾರದ ವರದಿಯಂತೆ 2022ರಲ್ಲಿ ಹೆಲ್ಮೆಟ್ ಇಲ್ಲದೆ ರಸ್ತೆಯಲ್ಲಿ ಪ್ರಾಣ ಕಳೆದುಕೊಂಡವರು 50,029 ಮಂದಿ. ಅವರಲ್ಲಿ 14,337 ಜನ ವಾಹನ ಓಡಿಸುತ್ತಿದ್ದವರಲ್ಲ, ಹಿಂದೆ ಕುಳಿತಿದ್ದವರು. ಯಾರನ್ನೋ ನಂಬಿ ಹತ್ತಿ ಕುಳಿತ ತಾಯಿ, ತಂಗಿ, ಗೆಳೆಯ.

ಧರ್ಮೋಪದೇಶಕಾಂಡದ 22ನೆಯ ಅಧ್ಯಾಯದಲ್ಲಿ ಒಂದು ಸಣ್ಣ ನಿಯಮವಿದೆ. ನಾವು ಅದನ್ನು ಓದಿ ಮುಂದಕ್ಕೆ ಹೋಗಿಬಿಡುತ್ತೇವೆ. ಹೊಸ ಮನೆ ಕಟ್ಟುವವನು ಮಾಳಿಗೆಯ ಸುತ್ತ ಗೋಡೆ ಕಟ್ಟಿಸಬೇಕು. ಇಲ್ಲದಿದ್ದರೆ ಅಲ್ಲಿಂದ ಯಾರಾದರೂ ಬಿದ್ದಾಗ ಆ ರಕ್ತದ ಹೊಣೆ ಮನೆಯ ಮೇಲೆ ಬರುತ್ತದೆ. ಬೀಳಲಿ ಎಂದು ಯಜಮಾನ ಬಯಸಿದ್ದನೇ? ಇಲ್ಲ. ಗೋಡೆ ಕಟ್ಟಲಿಲ್ಲ, ಅಷ್ಟೇ. ನಿಮ್ಮ ಬೈಕಿನ ಹಿಂದಿನ ಸೀಟು ಆ ಮಾಳಿಗೆಯೇ ಅಲ್ಲವೇ?

ಹೊಸ ಬೈಕ್ ಕೊಂಡವರು ಹೂಮಾಲೆ ಹಾಕಿ ಗುರುಮನೆಗೆ ತರುತ್ತೀರಿ, ತೀರ್ಥ ಪ್ರೋಕ್ಷಿಸಿ ಆಶೀರ್ವದಿಸುತ್ತೇವೆ. ಸಂತೋಷ. ಇನ್ನು ಮುಂದೆ ಎಷ್ಟು ಜನ ಅದರಲ್ಲಿ ಹೋಗುತ್ತೀರೋ ಅಷ್ಟು ಹೆಲ್ಮೆಟ್ಟುಗಳನ್ನೂ ಜೊತೆಗೆ ತನ್ನಿ. ರಸ್ತೆ ಬದಿಯ ಅಗ್ಗದ ಟೋಪಿ ಬೇಡ, ಐಎಸ್‌ಐ ಗುರುತು ನೋಡಿ ಕೊಳ್ಳಿ. ಗಲ್ಲದ ಪಟ್ಟಿ ಬಿಗಿಯದಿದ್ದರೆ ನೀವು ನೆಲಕ್ಕೆ ಬೀಳುವ ಮೊದಲೇ ಅದು ಹಾರಿಹೋಗಬಹುದು. ಒಮ್ಮೆ ಜೋರಾದ ಪೆಟ್ಟು ತಿಂದ ಹೆಲ್ಮೆಟ್ ಹೊರಗೆ ಹೊಳೆಯುತ್ತಿದ್ದರೂ ಅದರ ಕೆಲಸ ಮುಗಿದಿದೆ, ಬದಲಾಯಿಸಿ. ಮಕ್ಕಳಿಗೆ ದೊಡ್ಡವರದು ಸಡಿಲವಾಗುತ್ತದೆ, ಅವರ ಅಳತೆಯದೇ ಬೇಕು. ಒಂಬತ್ತು ತಿಂಗಳಿಂದ ನಾಲ್ಕು ವರ್ಷದೊಳಗಿನ ಮಗುವಿಗೆ ಹೆಲ್ಮೆಟ್ಟಿನ ಜೊತೆಗೆ ಸವಾರನಿಗೆ ಕಟ್ಟುವ ರಕ್ಷಣಾ ಪಟ್ಟಿ ಇರಬೇಕು, ಬೈಕಿನ ವೇಗ 40 ಕಿಲೋಮೀಟರ್ ಮೀರಬಾರದು ಎಂದು 2022ರಲ್ಲಿ ಪ್ರಕಟವಾದ ನಿಯಮ ಹೇಳುತ್ತದೆ.

ಇವತ್ತಿಗೆ ಮನೆಯಲ್ಲಿ ಒಂದೇ ಹೆಲ್ಮೆಟ್ ಇದ್ದರೆ, ಇನ್ನೊಂದು ಬರುವ ತನಕ ಮಗಳೂ ಹೆಂಡತಿಯೂ ಬಸ್ಸಿನಲ್ಲಿ ಪೂಜೆಗೆ ಬರಲಿ. ತಡವಾದರೆ ಚಿಂತೆಯಿಲ್ಲ, ಹಿಂದಿನ ಬೆಂಚಿನಲ್ಲಿ ಯಾವಾಗಲೂ ಜಾಗವಿರುತ್ತದೆ.