ಹಿತ್ತಲು ಮತ್ತು ನೆರೆಯವನ ಹಕ್ಕು



ತಿಪಟೂರು ಸೀಮೆಯಲ್ಲಿ ಕೊಬ್ಬರಿಗಾಗಿ ತೆಂಗಿನಕಾಯಿಯನ್ನು 10-12 ತಿಂಗಳು ಅಟ್ಟದಲ್ಲಿ ಜೋಪಾನ ಮಾಡುತ್ತಾರೆ. ಅಟ್ಟಕ್ಕೆ ಸಿಗುವ ಆ ಗಮನ ಹಿತ್ತಲಿಗೆ ಸಿಗುವುದಿಲ್ಲ. ಬಿದ್ದ ಗರಿ, ಮಟ್ಟೆ, ಕರಟ, ವರ್ಷಗಟ್ಟಲೆ ಮಗುಚದ ತಿಪ್ಪೆ ಕಿಬ್ಬನಹಳ್ಳಿಯ ಸುತ್ತಿನ ಊರುಗಳ ಅನೇಕ ಹಿತ್ತಲುಗಳಲ್ಲಿ ಕಾಣಸಿಗುತ್ತವೆ. ‘ನನ್ನ ಹಿತ್ತಲು, ನನ್ನಿಷ್ಟ’ ಎಂದು ನಾವು ಸುಮ್ಮನಿರುತ್ತೇವೆ.

ಆದರೆ ಇದು ನಿಜವಾಗಿಯೂ ನಮ್ಮೊಬ್ಬರ ವಿಷಯವೇ? ತೆಂಗಿನ ಸುಳಿ ಕೊರೆಯುವ ಕಪ್ಪು ದುಂಬಿ ಮೊಟ್ಟೆಯಿಡುವುದು ತಿಪ್ಪೆಯಲ್ಲಿ, ಕೊಳೆತ ತೆಂಗಿನ ಬೊಡ್ಡೆಯಲ್ಲಿ. ಅದರ ಬಿಳಿ ಗೊಣ್ಣೆಹುಳು ಅಲ್ಲಿಯೇ ತಿಂಗಳುಗಟ್ಟಲೆ ಬೆಳೆಯುತ್ತದೆ. ರೆಕ್ಕೆ ಬಂದ ದುಂಬಿಗೆ ಬೇಲಿಯ ಅರಿವಿಲ್ಲ. ನೆರೆಯವನು ಮಕ್ಕಳಂತೆ ಸಾಕಿದ ಸಸಿಯ ಸುಳಿಯನ್ನು ಅದು ಕೊರೆಯುತ್ತದೆ. ಬಳಿಕ ಬಿಚ್ಚಿಕೊಂಡ ಗರಿ ಕತ್ತರಿಯಿಂದ ಕತ್ತರಿಸಿದಂತೆ ಕಾಣುತ್ತದೆ. ಹಾಗೆಯೇ ಕರಟದಲ್ಲಿ ನಿಂತ ಮಳೆನೀರು ಡೆಂಗ್ಯೂ ಹರಡುವ ಸೊಳ್ಳೆಗೆ ಸಾಕು. ಅದರ ಮೊಟ್ಟೆ ನೀರಿಲ್ಲದೆಯೂ ತಿಂಗಳುಗಟ್ಟಲೆ ಉಳಿಯಬಲ್ಲದು. ನಷ್ಟ ನೆರೆಯವನಿಗೆ, ಜ್ವರ ಅವನ ಮಗುವಿಗೆ. ಕಾರಣ ನಮ್ಮ ಉದಾಸೀನ.

ಯಾರ ಕೆಡುಕಿನಿಂದ ನೆರೆಯವನು ಸುರಕ್ಷಿತನಲ್ಲವೋ ಅವನಲ್ಲಿ ಈಮಾನ್ ಇಲ್ಲವೆಂದು ಪ್ರವಾದಿವರ್ಯರು(ಸ) ಮೂರು ಬಾರಿ ಅಲ್ಲಾಹನಾಣೆ ಹಾಕಿ ಹೇಳಿದ್ದಾರೆ (ಬುಖಾರಿ). ಆ ನೆರೆಯವನು ಮುಸ್ಲಿಮನೇ ಆಗಿರಬೇಕೆಂದು ಅಲ್ಲಿ ಹೇಳಿಲ್ಲ. ನಮಾಝ್, ಉಪವಾಸಗಳ ಲೆಕ್ಕವಿಡುವ ನಾವು ಬೇಲಿಯಾಚೆಯ ಈ ಲೆಕ್ಕವನ್ನು ಮರೆಯಬಹುದೇ?

ಹಾಗೆಂದು ಕಡ್ಡಿ ಗೀರಿ ಕೆಲಸ ಮುಗಿಸುವುದೂ ಸಲ್ಲದು. ಪ್ರಯಾಣವೊಂದರಲ್ಲಿ ಸಂಗಾತಿಗಳು ಇರುವೆಗೂಡನ್ನು ಸುಟ್ಟದ್ದನ್ನು ಕಂಡ ಪ್ರವಾದಿವರ್ಯರು(ಸ), ಬೆಂಕಿಯಿಂದ ಶಿಕ್ಷಿಸುವ ಅಧಿಕಾರ ಬೆಂಕಿಯ ಒಡೆಯನಿಗೆ ಮಾತ್ರವೆಂದು ಎಚ್ಚರಿಸಿದರು (ಅಬೂದಾವೂದ್). ಒಣಗರಿಯ ರಾಶಿಯಲ್ಲಿಯೂ ಎಷ್ಟೋ ಜೀವಿಗಳ ಗೂಡಿರುತ್ತದೆ. ಬೇಸಿಗೆಯ ಗಾಳಿಗೆ ಆ ಬೆಂಕಿ ಪಕ್ಕದ ತೋಟಕ್ಕೂ ನುಗ್ಗೀತು.

ಸುಡುವ ಅಗತ್ಯವೂ ಇಲ್ಲ. ಗರಿಯ ಕಡ್ಡಿ ಪೊರಕೆಯಾಗುತ್ತದೆ. ಕಾಯಿಸಿಪ್ಪೆಯನ್ನು ಮರದ ಸುತ್ತ ಹೂತರೆ ತೇವ ಹಿಡಿದಿಡುತ್ತದೆ. ತಿಪ್ಪೆ ಮಗುಚಿದರೆ ಹುಳುಗಳನ್ನು ಕೋಳಿ, ಕಾಗೆಗಳು ಹೆಕ್ಕುತ್ತವೆ, ಗೊಬ್ಬರ ತೋಟ ಸೇರುತ್ತದೆ. ಕರಟ ಒಲೆಗೆ ಆಗುತ್ತದೆ. ತೆರವಾದ ಜಾಗದಲ್ಲಿ ನುಗ್ಗೆಯನ್ನೋ ಕರಿಬೇವನ್ನೋ ನೆಡಿರಿ. ಮುಸ್ಲಿಮನು ನೆಟ್ಟ ಗಿಡದಿಂದ ಮನುಷ್ಯ, ಪ್ರಾಣಿ, ಪಕ್ಷಿ ಏನು ತಿಂದರೂ ಅದು ಅವನ ಪಾಲಿಗೆ ದಾನವೆಂದು ಹದೀಸ್ ಕಲಿಸುತ್ತದೆ (ಬುಖಾರಿ, ಮುಸ್ಲಿಮ್).

ಅಂಗಳವನ್ನು ಅತಿಥಿಗಳು ನೋಡುತ್ತಾರೆ, ಹೊಗಳುತ್ತಾರೆ. ಹಿತ್ತಲಿನ ಕೆಲಸವನ್ನು ಹೊಗಳುವವರಿಲ್ಲ. ಅದನ್ನು ಅಲ್ಲಾಹನು ನೋಡುತ್ತಾನೆ. ಆದುದರಿಂದಲೇ ಅದರಲ್ಲಿ ತೋರಿಕೆಗೆ ಎಡೆ ಕಡಿಮೆ. ಮುಂಗಾರು ಬರುವ ಮುನ್ನ ಒಂದು ಮುಂಜಾನೆ ಫಜ್ರ್ ನಮಾಝಿನ ಬಳಿಕ ಮಕ್ಕಳನ್ನೂ ಕರೆದುಕೊಂಡು ಹಿತ್ತಲಿಗೆ ಇಳಿಯಿರಿ. ನಮ್ಮಿಂದ ಯಾರಿಗೂ ತೊಂದರೆಯಾಗದಂತೆ ಬಾಳುವ ಸೌಭಾಗ್ಯವನ್ನು ಅಲ್ಲಾಹನು ನಮಗೆಲ್ಲರಿಗೂ ಕರುಣಿಸಲಿ. ಆಮೀನ್.