ದಿನದ ಧಮ್ಮಚಿಂತನೆ: ಕುರ್ಚಿಗೆ ಎಷ್ಟು ವರ್ಷ?



ಚೆನ್ನಾಗಿ ಆಳುತ್ತಿರುವ ನಾಯಕರಿಗೂ 'ನಿಮ್ಮ ಅವಧಿ ಮುಗಿಯಿತು, ಇಳಿಯಿರಿ' ಎನ್ನುವುದು ನ್ಯಾಯವೇ? ಇಂದು ಈ ಪ್ರಶ್ನೆಯನ್ನು ನಿಮ್ಮ ಮುಂದಿಡುತ್ತಿದ್ದೇನೆ.

ಅಮೆರಿಕದ ಕೆಲವು ರಾಜ್ಯಗಳಲ್ಲಿ ಜನರೇ ಸಹಿ ಸಂಗ್ರಹಿಸಿ, ರಾಜ್ಯ ಸಂವಿಧಾನದ ತಿದ್ದುಪಡಿಯನ್ನು ನೇರವಾಗಿ ಮತಕ್ಕೆ ತರಬಹುದು. ಅಲ್ಲಿನ ಗವರ್ನರ್ ನಮ್ಮ ರಾಜ್ಯಪಾಲರಂತಲ್ಲ. ಜನರಿಂದ ನೇರವಾಗಿ ಆಯ್ಕೆಯಾಗಿ, ಮುಖ್ಯಮಂತ್ರಿಯಂತೆ ಆಡಳಿತ ನಡೆಸುವವರು. 1990ರಲ್ಲಿ ಕ್ಯಾಲಿಫೋರ್ನಿಯಾದ ಮತದಾರರು ಗವರ್ನರ್‌ಗೆ ಎರಡೇ ಅವಧಿ ಎಂದು ತೀರ್ಮಾನಿಸಿದರು. 2022ರಲ್ಲಿ ನಾರ್ತ್ ಡಕೋಟಾದ ಜನ ಗವರ್ನರ್‌ಗೆ ಎರಡು ಬಾರಿ, ಶಾಸಕರಿಗೆ ಒಂದೊಂದು ಸದನದಲ್ಲಿ 8 ವರ್ಷ ಎಂದು ಮಿತಿ ಹಾಕಿದರು. ಇದನ್ನು ಬದಲಿಸುವ ಪ್ರಸ್ತಾವವನ್ನು ಶಾಸನಸಭೆ ತರಕೂಡದು, ಜನರೇ ತರಬೇಕು ಎಂದೂ ಬರೆದರು. ಬೀಗದ ಕೈಯನ್ನು ತಮ್ಮಲ್ಲೇ ಇಟ್ಟುಕೊಂಡರು.

ಇದಕ್ಕೆ ತಕರಾರೂ ಇದೆ. ಯಾರು ಬೇಕೆಂದು ಆರಿಸುವುದು ಮತದಾರರ ಹಕ್ಕಲ್ಲವೇ? ಅನುಭವಿಗಳು ಹೋದರೆ, ಯಾರೂ ಆರಿಸದ ಅಧಿಕಾರಿಗಳ ಮತ್ತು ಲಾಬಿ ಮಾಡುವವರ ಕೈ ಮೇಲಾಗುವುದಿಲ್ಲವೇ? ನಮ್ಮ ಸಮುದಾಯಗಳಲ್ಲಂತೂ ಸಮರ್ಥರು ಅಧಿಕಾರದ ಸ್ಥಾನ ತಲುಪುವುದೇ ಅಪರೂಪ. ತಲುಪಿದವರನ್ನು ಇಳಿಸಿಕೊಳ್ಳುವುದು ಸಣ್ಣ ನಷ್ಟವಲ್ಲ.

ಆದರೂ ಮಿತಿಯೇ ಸರಿ ಎಂದು ನನಗೆ ಅನಿಸುತ್ತದೆ. ಅದು ಕುರ್ಚಿಯಲ್ಲಿರುವವರಿಗೆ ಮಾತ್ರವಲ್ಲ, ನಮ್ಮ ಭಕ್ತಿಗೂ ಕಡಿವಾಣ. 1949ರ ನವೆಂಬರ್ 25ರಂದು ಬಾಬಾಸಾಹೇಬರು ಸಂವಿಧಾನ ಸಭೆಯಲ್ಲಿ ಕೊಟ್ಟ ಎಚ್ಚರಿಕೆ ಇದೇ: ರಾಜಕೀಯದಲ್ಲಿ ವ್ಯಕ್ತಿಭಕ್ತಿ ಬೆಳೆದರೆ ಅದು ಕೊನೆಗೆ ಸರ್ವಾಧಿಕಾರಕ್ಕೆ ಒಯ್ಯುತ್ತದೆ. ತಥಾಗತರೂ ಪರಿನಿಬ್ಬಾಣಕ್ಕೆ ಮುನ್ನ ಉತ್ತರಾಧಿಕಾರಿಯನ್ನು ನೇಮಿಸಲಿಲ್ಲ. ಧಮ್ಮ-ವಿನಯವೇ ಇನ್ನು ಗುರು ಎಂದು ತಿಳಿಸಿದರು. ಆನಂದ, ಮಹಾಕಸ್ಸಪರಂಥ ಯೋಗ್ಯರು ಇದ್ದರು. ಆದರೆ ಸಂಘ ಒಬ್ಬ ವ್ಯಕ್ತಿಗೆ ಜೋತುಬೀಳಬಾರದು ಎಂಬುದೇ ಅದರ ಅರ್ಥವೆಂದು ನಾನು ತಿಳಿಯುತ್ತೇನೆ.

ನಮ್ಮ ದೇಶದಲ್ಲಿ ಮುಖ್ಯಮಂತ್ರಿಗಳಿಗೆ ಇಂಥ ಮಿತಿಯಿಲ್ಲ. ಜನರು ತಿದ್ದುಪಡಿಯನ್ನು ನೇರವಾಗಿ ಮತಕ್ಕೆ ತರುವ ದಾರಿಯೂ ಇಲ್ಲ. ಆದರೆ ನಮ್ಮ ವಿಹಾರ ಸಮಿತಿ, ಅಂಬೇಡ್ಕರ್ ಸಂಘಗಳ ನಿಯಮಾವಳಿ ನಮ್ಮ ಕೈಯಲ್ಲೇ ಇದೆ. ಅಧ್ಯಕ್ಷರಿಗೆ ಎರಡೇ ಅವಧಿ ಎಂದು ಸರ್ವಸದಸ್ಯರ ಸಭೆಯಲ್ಲಿ ನಿರ್ಣಯ ಮಾಡಬಹುದು. ಕುರ್ಚಿ ಬಿಟ್ಟ ಮಾತ್ರಕ್ಕೆ ಅನುಭವ ಹೋಗುವುದಿಲ್ಲ. ಇಳಿದವರು ಪಕ್ಕದಲ್ಲಿ ಕೂತು ಹೊಸಬರಿಗೆ, ಮುಖ್ಯವಾಗಿ ನಮ್ಮ ಹೆಣ್ಣುಮಕ್ಕಳಿಗೆ, ಕೆಲಸ ಕಲಿಸಲಿ.

ಎಲ್ಲವೂ ಅನಿಚ್ಚ ಎಂದು ನಂಬುವ ನಾವು ಕುರ್ಚಿಯನ್ನು ಮಾತ್ರ ಅದರಿಂದ ಹೊರಗಿಡುವುದು ಹೇಗೆ?

ನಿಮ್ಮ ಊರಿನ ಸಂಘದಲ್ಲಿ ಕೊನೆಯ ಬಾರಿ ಅಧ್ಯಕ್ಷರು ಬದಲಾದದ್ದು ಯಾವಾಗ? ಇಂದು ಮನೆಯವರೊಡನೆ ಚರ್ಚಿಸಿ.

ಭವತು ಸಬ್ಬ ಮಂಗಲಂ.