ಅರ್ಜಿ ಹಾಕದವನಿಗೆ ಆದ ಅನ್ಯಾಯ

ತೈಲ ಶುದ್ಧೀಕರಣಾಗಾರದ ನೆರಳಿನಲ್ಲಿರುವ ಅಂಬಲಮುಗಳ್‌ನ ನಮಗೆ ‘ಟೆಂಡರ್’ ಎಂಬ ಮಾತು ಹೊಸದಲ್ಲ. ಕೇಂದ್ರ ಸರಕಾರದ ಗುಮಾಸ್ತನಾದ ನನಗಂತೂ ಅದು ದಿನನಿತ್ಯದ ಕೆಲಸ. ಅರಗು ಮುದ್ರೆಯ ಲಕೋಟೆಗಳ ಕಾಲದಲ್ಲಿ ಒಮ್ಮೆ, ಗಡುವು ಮೀರಿ ಹತ್ತು ನಿಮಿಷವಾದ ಮೇಲೆ, ಮಳೆಯಲ್ಲಿ ತೊಯ್ದ ಹುಡುಗನೊಬ್ಬ ಲಕೋಟೆ ತಂದ. ನಿಯಮದಂತೆ ತೆಗೆದುಕೊಳ್ಳಲಿಲ್ಲ. “ಹತ್ತು ನಿಮಿಷಕ್ಕೆ ಇಷ್ಟು ಹಟವೇ? ಅವನ ದರ ಕಡಿಮೆ ಇದ್ದಿದ್ದರೆ ಸರಕಾರಕ್ಕೇ ಲಾಭವಾಗುತ್ತಿತ್ತು. ಯಾರಿಗೆ ನಷ್ಟ?” ಎಂದರು ಸಹೋದ್ಯೋಗಿಯೊಬ್ಬರು. ಅಂದು ನನ್ನಲ್ಲಿ ಉತ್ತರವಿರಲಿಲ್ಲ.

ಉತ್ತರ ಸಿಕ್ಕಿದ್ದು 1979ರ ಒಂದು ತೀರ್ಪಿನಲ್ಲಿ. ಮುಂಬಯಿಯ ವಿಮಾನ ನಿಲ್ದಾಣದಲ್ಲಿ ಎರಡನೆಯ ದರ್ಜೆಯ ಉಪಾಹಾರ ಗೃಹ ನಡೆಸಲು 1977ರಲ್ಲಿ ಟೆಂಡರ್ ಕರೆದಿದ್ದರು. ಐದು ವರ್ಷ ಅನುಭವವಿರುವ, ಎರಡನೆಯ ದರ್ಜೆಯ ನೋಂದಾಯಿತ ಹೋಟೆಲಿಗನೇ ಆಗಿರಬೇಕೆಂಬುದು ಷರತ್ತು. ಗುತ್ತಿಗೆ ಸಿಕ್ಕವರಿಗೆ ಕ್ಯಾಂಟೀನ್ ನಡೆಸಿದ ಅನುಭವವಿತ್ತು, ಆದರೆ ಆ ನೋಂದಣಿ ಇರಲಿಲ್ಲ. ಅವರು ಹೇಳಿದ ಬಾಡಿಗೆಯೇ ಎಲ್ಲರಿಗಿಂತ ಹೆಚ್ಚು. ಸರಕಾರಕ್ಕೆ ಲಾಭವೇ! ರಮಣ ದಯಾರಾಮ ಶೆಟ್ಟಿ ಎಂಬವರು ನ್ಯಾಯಾಲಯಕ್ಕೆ ಹೋದರು. ಷರತ್ತು ಬೇಡವೆಂದು ಗೊತ್ತಿದ್ದರೆ ತಾವೂ ಸ್ಪರ್ಧಿಸುತ್ತಿದ್ದೆವು ಎಂಬುದು ಅವರ ವಾದ. ಸರಕಾರ ತಾನೇ ಸಾರಿದ ಅಳತೆಗೋಲಿಗೆ ತಾನೂ ಬದ್ಧವಾಗಿರಬೇಕು ಎಂದು ನ್ಯಾಯಮೂರ್ತಿ ಪಿ. ಎನ್. ಭಗವತಿಯವರು ತೀರ್ಪಿತ್ತರು.

ಹಾಗಾದರೆ ಅನ್ಯಾಯವಾದದ್ದು ಯಾರಿಗೆ? ಸೋತವನಿಗಷ್ಟೇ ಅಲ್ಲ. ಜಾಹೀರಾತು ಓದಿ, “ಇದು ನನಗಲ್ಲ” ಎಂದು ಪತ್ರಿಕೆ ಮಡಿಸಿಟ್ಟವನಿಗೆ. ಅವನ ಹೆಸರು ಯಾವ ಕಡತದಲ್ಲೂ ಇಲ್ಲ. ಆದ್ದರಿಂದಲೇ ಅವನನ್ನು ಕಾಯುವವರೂ ಇಲ್ಲ; ಕಾಯುವುದು ನಿಯಮವೊಂದೇ. ಬಿ.ಎಸ್ಸಿ. ಪ್ರಯೋಗಶಾಲೆಯಲ್ಲಿ ಅಳತೆಗೆ ಮೊದಲು ಉಪಕರಣದ ಶೂನ್ಯದೋಷ ನೋಡಿಕೊಳ್ಳಬೇಕಿತ್ತು. ದೋಷವಿದ್ದರೆ ಎಲ್ಲ ಅಳತೆಯಲ್ಲೂ ಅದನ್ನು ಸಮನಾಗಿ ಕಳೆಯಬಹುದು. ಒಬ್ಬೊಬ್ಬರಿಗೆ ಒಂದೊಂದು ಶೂನ್ಯವಿಟ್ಟರೆ ಅದು ಅಳತೆಯೇ ಅಲ್ಲ.

ಷರತ್ತು ತಪ್ಪಾಗಿರಬಾರದೇ? ಇರಬಹುದು. ಹಾಗಿದ್ದರೆ ಅದನ್ನು ಬದಲಿಸಿ, ಮತ್ತೆ ಸಾರಿ, ಎಲ್ಲರನ್ನೂ ಕರೆಯಲಿ. ನಮ್ಮ ಕರ್ನಾಟಕದ 1999ರ ಸಾರ್ವಜನಿಕ ಸಂಗ್ರಹಣೆ ಕಾಯಿದೆಯ ಹೆಸರಿನಲ್ಲೇ ‘ಪಾರದರ್ಶಕತೆ’ ಎಂಬ ಪದವಿದೆ. ಗುಟ್ಟಾಗಿ ತೋರಿದ ದಯೆ, ಎಷ್ಟೇ ಒಳ್ಳೆಯದಾದರೂ, ಮತ್ತೊಬ್ಬನ ಪಾಲಿನದು.

ಒಂದು ಮಾತನ್ನು ಮುಚ್ಚಿಡಬಾರದು. ತತ್ತ್ವ ಗೆದ್ದರೂ ಶೆಟ್ಟರ ಅರ್ಜಿ ವಜಾ ಆಯಿತು. ಐದು ತಿಂಗಳಿಗೂ ಮೀರಿದ ವಿಳಂಬ, ಅಷ್ಟರಲ್ಲಿ ಗುತ್ತಿಗೆದಾರರು ಮಾಡಿದ್ದ ಖರ್ಚು, ಅರ್ಜಿಯ ಹಿಂದೆ ಬೇರೊಬ್ಬರಿದ್ದರೆಂಬುದು ಕಾರಣಗಳು. ಕಾಲ ಮೀರಿದ ಮೇಲೆ ನ್ಯಾಯಾಲಯವೂ ಎಲ್ಲವನ್ನೂ ಸರಿಪಡಿಸಲಾರದು. ಆದುದರಿಂದ ಮೊದಲ ನ್ಯಾಯಪೀಠವೆಂದರೆ ಗುಮಾಸ್ತನ ಮೇಜೇ.

ಹೊರನಾಡಿನಲ್ಲಿರುವ ನಾವು “ನಮ್ಮವನಿಗೆ ಕೊಟ್ಟರೇನು?” ಎನ್ನುವುದುಂಟು. ನಮ್ಮ ಕಿಸೆಯ ಹಣವಾದರೆ ಧಾರಾಳವಾಗಿ ಕೊಡೋಣ. ಆದರೆ ನಮ್ಮಲ್ಲಿ ಅನೇಕರು ಇಲ್ಲಿಗೆ ಬಂದದ್ದು ಹೇಗೆ? ಎಲ್ಲೋ ಒಂದು ಬಹಿರಂಗ ಪರೀಕ್ಷೆಯಲ್ಲಿ, ನಮ್ಮ ಊರು ಭಾಷೆ ಕೇಳದೆ ಯಾರೋ ಅಂಕ ಕೊಟ್ಟದ್ದರಿಂದ. ಆ ಋಣ ತೀರಿಸುವ ದಾರಿ ಇದೇ ಅಲ್ಲವೇ?

ಆ ತೊಯ್ದ ಹುಡುಗನ ಮುಖವನ್ನು ನಾನಿನ್ನೂ ಮರೆತಿಲ್ಲ, ಮರೆಯಬಾರದು ಕೂಡ. ಆದರೆ ಗಡುವು ಮೀರಿತೆಂದು ಅರ್ಧದಾರಿಯಿಂದಲೇ ಹಿಂತಿರುಗಿದ ಇನ್ನೊಬ್ಬನಿದ್ದಿರಬಹುದು. ಅವನ ಮುಖವನ್ನು ನಾನು ನೋಡಿಯೇ ಇಲ್ಲ.